ಎಷ್ಟು ಪೌಂಡ್ ಎಂದು ಕೇಳುವ ಮೊದಲು

ಟೆನಿಸ್ ರಾಕೆಟ್‌ಗೆ ಹೊಸ ಸ್ಟ್ರಿಂಗ್ ಹಾಕಿಸಲು ಹೋದವರ ಬಾಯಲ್ಲಿ ಮೊದಲು ಬರುವುದು ಒಂದು ಅಂಕಿ, ಬಿಗಿ ಎಷ್ಟು ಪೌಂಡ್ ಎಂಬುದು: ‘55 ಹಾಕಿ’. ಯಾವ ಹೆಡ್‌ಗೆ, ಯಾವ ಹೆಣಿಗೆಗೆ, ಯಾವ ಸ್ಟ್ರಿಂಗ್‌ಗೆ ಎಂದು ಹೇಳದ 55ಕ್ಕೆ ಅರ್ಥವಿಲ್ಲ. 95 ಚದರ ಇಂಚಿನ, 18×20 ಹೆಣಿಗೆಯ (18 ಉದ್ದ ಎಳೆ, 20 ಅಡ್ಡ ಎಳೆ) ರಾಕೆಟ್‌ನಲ್ಲಿ ಪಾಲಿಯೆಸ್ಟರನ್ನು 55 ಪೌಂಡಿಗೆ ಎಳೆದರೆ ಹಲಗೆಯಿಂದ ಚೆಂಡು ಹೊಡೆದ ಹಾಗಿರುತ್ತದೆ. ಅದೇ 55ಕ್ಕೆ 110 ಚದರ ಇಂಚಿನ 16×19 ರಾಕೆಟ್‌ನಲ್ಲಿ ನೂರಾರು ಸಣ್ಣ ನಾರು ಸೇರಿಸಿ ಮಾಡಿದ ಮೆತ್ತನೆಯ ಮಲ್ಟಿಫಿಲಮೆಂಟ್ ಎಳೆದು ನೋಡಿ, ಚೆಂಡು ಬೇಸ್‌ಲೈನ್ ದಾಟಿ ಓಡುತ್ತಲೇ ಇರುತ್ತದೆ. ಒಂದೊಂದು ಎಳೆಯನ್ನು ಎಷ್ಟು ಬಲದಿಂದ ಎಳೆದೆವು ಎಂಬುದನ್ನಷ್ಟೇ ಮಷೀನ್ ತೋರಿಸುತ್ತದೆ. ಆಡುವವರ ಕೈಗೆ ತಿಳಿಯುವುದು ಬೇರೆ: ಚೆಂಡು ತಾಕಿದಾಗ ಇಡೀ ಹೆಣಿಗೆ ಎಷ್ಟು ಬಾಗಿತು ಎಂಬುದು.

ಇದರ ಹಿಂದಿನ ಲೆಕ್ಕ ಸರಳ. ಎರಡು ತುದಿ ಕಟ್ಟಿದ ಎಳೆಯನ್ನು ನಡುವೆ ಒತ್ತಿದರೆ ಅದು ತೋರುವ ವಿರೋಧ ಬಿಗಿಗೆ ತಕ್ಕಂತೆ ಏರುತ್ತದೆ, ಉದ್ದಕ್ಕೆ ತಕ್ಕಂತೆ ಇಳಿಯುತ್ತದೆ. ಆದ್ದರಿಂದ ದೊಡ್ಡ ಹೆಡ್‌ನ ಉದ್ದ ಎಳೆಗಳು ಅದೇ ಬಿಗಿಯಲ್ಲೂ ಮೆತ್ತಗೆ. 95ರಿಂದ 110 ಚದರ ಇಂಚಿಗೆ ಹೋಗುವವರು ಮೊದಲಿನ ಹಿಡಿತವೇ ಬೇಕೆಂದರೆ 3–4 ಪೌಂಡ್ ಏರಿಸಬೇಕು. ಹೆಣಿಗೆ ದಟ್ಟವಾದರೆ ಚೆಂಡನ್ನು ಹೊರುವ ಎಳೆಗಳು ಹೆಚ್ಚಿ ಮತ್ತೆ ಗಟ್ಟಿಯಾಗುತ್ತದೆ.

ಮೆತ್ತನೆಯ ಹೆಣಿಗೆಯಲ್ಲಿ ‘ಪವರ್’ ಹೆಚ್ಚು ಎನ್ನುವುದಕ್ಕೆ ಕಾರಣ ಚೆಂಡಿನಲ್ಲಿದೆ. ನಿಯಮದ ಪ್ರಕಾರ ಸಾಮಾನ್ಯ ಟೆನಿಸ್ ಚೆಂಡು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದು ಪುಟಿಯಬೇಕಾದದ್ದು 135ರಿಂದ 147 ಸೆಂ.ಮೀ. ಅಂದರೆ ಚಪ್ಪಟೆಯಾಗಿ ಮತ್ತೆ ಉಬ್ಬುವಷ್ಟರಲ್ಲಿ ಚೆಂಡು ತನ್ನ ಶಕ್ತಿಯ ಅರ್ಧದ ಹತ್ತಿರ ಕಳೆದುಕೊಳ್ಳುತ್ತದೆ. ಸ್ಟ್ರಿಂಗ್ ಹಾಗಲ್ಲ, ತನಗೆ ಕೊಟ್ಟದ್ದರಲ್ಲಿ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ಬಾಗುವ ಕೆಲಸ ಚೆಂಡಿಗಿಂತ ಸ್ಟ್ರಿಂಗ್ ಹೆಚ್ಚು ಮಾಡಿದಷ್ಟೂ ನಷ್ಟ ಕಡಿಮೆ. ಆದರೆ ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಐದಾರು ಪೌಂಡ್ ಇಳಿಸಿದರೆ ಚೆಂಡಿನ ವೇಗದಲ್ಲಿ ಆಗುವ ಏರಿಕೆ ತೀರಾ ಸಣ್ಣದು. ನಿಜಕ್ಕೂ ಬದಲಾಗುವುದು ಚೆಂಡು ಹೊರಡುವ ಕೋನ. ಸಡಿಲ ಹೆಣಿಗೆಯಲ್ಲಿ ಚೆಂಡು ತುಸು ಹೆಚ್ಚು ಹೊತ್ತು ಕೂತು, ಮೇಲೇರುತ್ತಿರುವ ರಾಕೆಟ್ ಜೊತೆಗೆ ತುಸು ಮೇಲಕ್ಕೆ ಹೊರಟು, ಇನ್ನಷ್ಟು ಆಳಕ್ಕೆ ಬೀಳುತ್ತದೆ. ಆಡುವವರು ಅದನ್ನೇ ಪವರ್ ಎನ್ನುತ್ತಾರೆ. ಚೆಂಡು ಉದ್ದ ಹೋಗುತ್ತಿದೆ ಎಂದು ಸ್ವಿಂಗ್ ಮೊಟಕು ಮಾಡಿಕೊಳ್ಳುವ ಬದಲು 2 ಪೌಂಡ್ ಬಿಗಿ ಏರಿಸಿ ನೋಡುವುದು ಒಳ್ಳೆಯದು.

ಫ್ರೇಮ್ ಏನನ್ನು ನಿರ್ಧರಿಸುತ್ತದೆ

ಮರದ ರಾಕೆಟ್‌ಗಳ ಹೆಡ್ 65–70 ಚದರ ಇಂಚಿನ ಆಸುಪಾಸು ಇರುತ್ತಿತ್ತು. ಅದಕ್ಕಿಂತ ಅಗಲ ಮಾಡಿದರೆ ಸ್ಟ್ರಿಂಗ್ ಬಿಗಿಗೆ ಮರ ತಡೆಯುತ್ತಿರಲಿಲ್ಲ. ಹೊವರ್ಡ್ ಹೆಡ್ 1976ರಲ್ಲಿ ಪೇಟೆಂಟ್ ಪಡೆದು ಪ್ರಿನ್ಸ್ ಹೆಸರಿನಲ್ಲಿ ತಂದ ದೊಡ್ಡ ಹೆಡ್ ಲೆಕ್ಕವನ್ನೇ ಬದಲಿಸಿತು. ಅವರು ಬಿಡಿಸಹೊರಟ ಸಮಸ್ಯೆ ಪವರ್ ಅಲ್ಲ, ಅಂಚಿಗೆ ತಾಕಿದ ಚೆಂಡಿಗೆ ಕೈಯಲ್ಲಿ ತಿರುಚಿಕೊಳ್ಳುವ ರಾಕೆಟ್. ತಿರುಚುವಿಕೆಗೆ ಇರುವ ತಡೆಗೆ ಟ್ವಿಸ್ಟ್‌ವೇಟ್ ಎನ್ನುತ್ತಾರೆ. ಅದು ನಡುಗೆರೆಯಿಂದ ತೂಕ ಎಷ್ಟು ದೂರದಲ್ಲಿದೆ ಎಂಬುದರ ವರ್ಗದಂತೆ ಏರುವುದರಿಂದ, ತೂಕ ಅಷ್ಟೇ ಇಟ್ಟು ಹೆಡ್ಡನ್ನು ಶೇ 10 ಅಗಲ ಮಾಡಿದರೆ ಅಂಚಿನ ತಡೆ ಸುಮಾರು ಶೇ 20 ಹೆಚ್ಚುತ್ತದೆ. ಫೆಡರರ್ 2014ರಲ್ಲಿ 90ರಿಂದ 97 ಚದರ ಇಂಚಿಗೆ ಬಂದದ್ದರ ಲಾಭವೂ ಇದೇ ಜಾಗದಲ್ಲಿದೆ: ಎತ್ತರಕ್ಕೆ ಪುಟಿಯುವ ಚೆಂಡು ನಡುವಿಗೆ ಸಿಗದಿದ್ದಾಗ ಸಿಗುವ ಕ್ಷಮೆ. ಇದಕ್ಕೂ ಮಿತಿಯಿದೆ. ಅಂತರರಾಷ್ಟ್ರೀಯ ನಿಯಮದಂತೆ ಇಡೀ ರಾಕೆಟ್‌ನ ಉದ್ದ 73.7 ಸೆಂ.ಮೀ., ಅಗಲ 31.7 ಸೆಂ.ಮೀ. ಮೀರುವಂತಿಲ್ಲ. ಸ್ಟ್ರಿಂಗ್ ಇರುವ ಭಾಗಕ್ಕೆ ಮಿತಿ 39.4 × 29.2 ಸೆಂ.ಮೀ.

ವಿಸ್ತೀರ್ಣ ಒಂದೇ ಇದ್ದರೂ ಆಕಾರ ಬೇರೆ ಇರಬಹುದು, ಮಾರಾಟದ ಚೀಟಿಯಲ್ಲಿ ಅದು ಕಾಣುವುದಿಲ್ಲ. ಮೊಟ್ಟೆಯಾಕಾರದ ಹೆಡ್‌ನಲ್ಲಿ ನಡುವಿನ ಎಳೆಗಳು ಉದ್ದ, ಅಂಚಿನವು ಬಹಳ ಗಿಡ್ಡ. ಹೀಗಾಗಿ ನಡುವಿನಿಂದ ಸರಿದಂತೆಲ್ಲ ಹೆಣಿಗೆ ಬೇಗ ಗಟ್ಟಿಯಾಗುತ್ತದೆ. ಯೊನೆಕ್ಸ್ ಕಂಪನಿ ಐಸೊಮೆಟ್ರಿಕ್ ಎಂದು ಕರೆಯುವ, ಮೇಲ್ಭಾಗ ಚೌಕಾಕಾರಕ್ಕೆ ಹತ್ತಿರವಿರುವ ಹೆಡ್‌ನಲ್ಲಿ ಎಳೆಗಳ ಉದ್ದದ ವ್ಯತ್ಯಾಸ ಕಡಿಮೆ. ಒಂದೇ ಬಗೆಯ ಉತ್ತರ ಕೊಡುವ ಜಾಗ ಮೇಲಕ್ಕೂ ಬದಿಗೂ ಹರಡಿಕೊಳ್ಳುತ್ತದೆ. ಸರ್ವ್‌ನಲ್ಲಿ ಚೆಂಡನ್ನು ಹೆಡ್‌ನ ಮೇಲ್ಭಾಗದಲ್ಲಿ ಹೊಡೆಯುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಬದಿಯಿಂದ ನೋಡಿದಾಗ ಕಾಣುವ ದಪ್ಪಕ್ಕೆ ಬೀಮ್ ಎನ್ನುತ್ತಾರೆ. ಟೊಳ್ಳು ಕೊಳವೆಯ ಗೋಡೆ ಅಷ್ಟೇ ಇಟ್ಟು ಬೀಮನ್ನು 20 ಮಿ.ಮೀ.ಯಿಂದ 25 ಮಿ.ಮೀ.ಗೆ ಏರಿಸಿದರೆ ಗಟ್ಟಿತನ ಒಂದೂವರೆ ಪಟ್ಟನ್ನೂ ಮೀರುತ್ತದೆ. ಗಟ್ಟಿ ಫ್ರೇಮ್ ಚೆಂಡನ್ನು ಜೋರಾಗಿ ಕಳಿಸುವುದಕ್ಕೆ ಕಾರಣ ಸಮಯದ ಲೆಕ್ಕ. ಚೆಂಡು ಸ್ಟ್ರಿಂಗ್ ಮೇಲಿರುವುದು 4–5 ಮಿಲಿಸೆಕೆಂಡ್. ಸೆಕೆಂಡಿಗೆ 140 ಸಲ ಕಂಪಿಸುವ ಫ್ರೇಮ್ ಒಮ್ಮೆ ಬಾಗಿ ಮೊದಲಿನ ಜಾಗಕ್ಕೆ ಮರಳಿ ಒಂದು ಸುತ್ತು ಮುಗಿಸಲು 7 ಮಿಲಿಸೆಕೆಂಡ್ ಬೇಕು. ಫ್ರೇಮ್ ಬಾಗಲು ತಿಂದ ಶಕ್ತಿ ಹಿಂದಿರುಗುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಬಾಗುವ ಫ್ರೇಮ್ ಕವಣೆಯಂತೆ ಚೆಂಡನ್ನು ಎಸೆಯುತ್ತದೆ ಎಂಬ ಮಾತು ಆದ್ದರಿಂದಲೇ ನಿಜವಲ್ಲ. ಎಸೆಯುವುದು ಸ್ಟ್ರಿಂಗ್, ಫ್ರೇಮ್ ಅಲ್ಲ. ಫ್ರೇಮ್ ಬಾಗುವಿಕೆ ಕೊಡುವುದು ಕೈಗೆ ನೆಮ್ಮದಿ. ಫ್ರೇಮ್‌ನ ಗಟ್ಟಿತನ ಅಳೆಯುವ ಆರ್‌ಎ ಅಂಕಿ 60ಕ್ಕಿಂತ ಕೆಳಗಿದ್ದರೆ ಮೆದು, 70ರ ಹತ್ತಿರ ಅಥವಾ ಮೇಲಿದ್ದರೆ ಗಟ್ಟಿ. ಮೊಣಕೈ ನೋವು ಶುರುವಾದವರು 70ರ ಫ್ರೇಮ್‌ಗೆ ಪಾಲಿಯೆಸ್ಟರ್ ಹಾಕಿ ಆಡುವುದನ್ನು ಅಂದೇ ನಿಲ್ಲಿಸಬೇಕು. ಹೆಣಿಗೆಯ ಕೆಳಗೆ ಸಿಕ್ಕಿಸುವ ರಬ್ಬರ್ ಡ್ಯಾಂಪ್ನರ್ ಈ ನೋವಿಗೆ ಮದ್ದಲ್ಲ. ಅದು ಅಡಗಿಸುವುದು ಸ್ಟ್ರಿಂಗ್‌ನ ‘ಟಿಂಗ್’ ಸದ್ದನ್ನು ಮಾತ್ರ, ಫ್ರೇಮ್‌ನ ನಿಧಾನ ಕಂಪನವನ್ನು ಮುಟ್ಟುವುದೂ ಇಲ್ಲ.

ತೂಕ ಏರಿಸಲು ಸೀಸದ ಟೇಪ್ ಅಂಟಿಸುವವರಿಗೆ ಒಂದು ಲೆಕ್ಕ. ಬೀಸುವಾಗ ರಾಕೆಟ್ ಎಷ್ಟು ಭಾರ ಎನಿಸುತ್ತದೆ ಎಂಬುದನ್ನು ಹೇಳುವ ಸ್ವಿಂಗ್‌ವೇಟ್ ಅಳೆಯುವುದು ಹಿಡಿಯ ತುದಿಯಿಂದ 10 ಸೆಂ.ಮೀ. ಮೇಲಿನ ಬಿಂದುವಿನಿಂದ. ಹೆಡ್‌ನ ತುತ್ತತುದಿ ಅಲ್ಲಿಂದ 58 ಸೆಂ.ಮೀ. ದೂರ. ಅಲ್ಲಿ 3 ಗ್ರಾಂ ಅಂಟಿಸಿದರೆ ಸ್ವಿಂಗ್‌ವೇಟ್ ಸುಮಾರು 10 ಏರುತ್ತದೆ. ಅದೇ 3 ಗ್ರಾಮನ್ನು ಅರ್ಧರ್ಧ ಮಾಡಿ ಗಡಿಯಾರದ 3 ಮತ್ತು 9ರ ಜಾಗಕ್ಕೆ ಅಂಟಿಸಿದರೆ ಏರುವುದು ಐದಾರು ಮಾತ್ರ, ತಿರುಚುವಿಕೆ ತಡೆಯುವ ಲಾಭ ಬೇರೆ. ಹಾಗಾಗಿ ಮೊದಲು ಬದಿಗೆ ಅಂಟಿಸಿ ನೋಡಬೇಕು. ಸ್ಟ್ರಿಂಗ್‌ನ ತೂಕವೇ 16 ಗ್ರಾಂನಷ್ಟಿರುತ್ತದೆ ಎಂಬುದೂ ನೆನಪಿರಲಿ. ಖಾಲಿ ಫ್ರೇಮ್ ಬೀಸಿ ನೋಡಿ ರಾಕೆಟ್ ಆರಿಸಬಾರದು.

ಹಾಸು ಮತ್ತು ಹೊಕ್ಕು

ನೇಕಾರರ ಮಾತಿನಲ್ಲಿ ಮೇನ್ ಸ್ಟ್ರಿಂಗ್ ಹಾಸು, ಕ್ರಾಸ್ ಸ್ಟ್ರಿಂಗ್ ಹೊಕ್ಕು. 16×19 ಎಂದರೆ 16 ಹಾಸು, 19 ಹೊಕ್ಕು. ಸ್ಪಿನ್ ಹುಟ್ಟುವುದು ಹಾಸಿನಲ್ಲಿ. ರಾಕೆಟ್ ಚೆಂಡನ್ನು ಉಜ್ಜಿಕೊಂಡು ಮೇಲೇರುವಾಗ ಮೇನ್‌ಗಳು ಬದಿಗೆ ಸರಿಯುತ್ತವೆ, ಚೆಂಡು ಬಿಡುವ ಮೊದಲೇ ಚಿಮ್ಮಿ ತಮ್ಮ ಜಾಗಕ್ಕೆ ಮರಳುತ್ತವೆ. ಆ ಚಿಮ್ಮುವಿಕೆ ಚೆಂಡನ್ನು ಇನ್ನಷ್ಟು ಸುತ್ತಿಸುತ್ತದೆ. 1977ರ ‘ಸ್ಪಾಗೆಟಿ’ ಹೆಣಿಗೆ ಇದನ್ನೇ ಅತಿಗೆ ಒಯ್ದಿತ್ತು. ಅದರಲ್ಲಿ ಹಾಸುಹೊಕ್ಕಿನ ನೇಯ್ಗೆಯೇ ಇರಲಿಲ್ಲ, ಮೇನ್‌ಗಳು ತಡೆಯಿಲ್ಲದೆ ಜಾರುತ್ತಿದ್ದವು. ಆ ವರ್ಷ ಫ್ರಾನ್ಸ್‌ನ ಏಕ್ಸ್-ಆನ್-ಪ್ರೊವಾನ್ಸ್‌ನಲ್ಲಿ ಅಂಥ ರಾಕೆಟ್ ಹಿಡಿದ ರೊಮೇನಿಯಾದ ನಸ್ತಾಸೆ ಎದುರು ಅರ್ಜೆಂಟೀನಾದ ಗಿಯೆರ್ಮೊ ವಿಲಾಸ್ ಆಟವನ್ನೇ ಬಿಟ್ಟು ಹೊರನಡೆದರು. ಮಣ್ಣಿನ ಅಂಕಣದಲ್ಲಿ ಅವರ ಸತತ 53 ಗೆಲುವುಗಳ ಸರಣಿ ಅಲ್ಲಿಗೆ ಮುಗಿಯಿತು. ಆಮೇಲೆ ಅಂಥ ಹೆಣಿಗೆಗೆ ನಿಷೇಧ ಬಂತು. ಈಗಿನ ನಿಯಮದಂತೆ ಎಳೆಗಳು ದಾಟುವಲ್ಲಿ ಒಂದರ ಮೇಲೊಂದು ನೇಯ್ದಿರಬೇಕು, ಇಲ್ಲವೇ ಬೆಸೆದಿರಬೇಕು.

ನೇಯ್ದ ಹೆಣಿಗೆಯಲ್ಲಿ ಅದೇ ಚಿಮ್ಮುವಿಕೆ ಬೇಕಾದರೆ ಎಳೆಗಳ ನಡುವಿನ ಘರ್ಷಣೆ ಕಡಿಮೆ ಇರಬೇಕು. ಪಾಲಿಯೆಸ್ಟರ್ ಗೆದ್ದದ್ದು ಇಲ್ಲಿ. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಹಾಕಿದ ರಾಕೆಟ್‌ನಿಂದ ಫ್ರೆಂಚ್ ಓಪನ್ ಗೆದ್ದ ಮೇಲೆ ಅದು ವೃತ್ತಿಪರರ ಕೈಗೆಲ್ಲ ಹಬ್ಬಿತು. ನೈಲಾನ್ ಹಾಕಿದವರು ಪಾಯಿಂಟ್ ಮುಗಿದ ಮೇಲೆ ಬೆರಳಿನಿಂದ ಎಳೆ ಸರಿಪಡಿಸುವುದನ್ನು ನೋಡಿದ್ದೀರಲ್ಲ? ಸರಿದ ಎಳೆ ಮರಳಿಲ್ಲ ಎಂಬುದರ ಗುರುತು ಅದು. ಹೊಸ ಪಾಲಿಯೆಸ್ಟರ್ ತಾನೇ ಮರಳುತ್ತದೆ. ದಿನ ಕಳೆದಂತೆ ಹೊಕ್ಕಿನ ಗುರುತು ಹಾಸಿನ ಮೇಲೆ ಕಚ್ಚಾಗಿ ಕೂತು, ಎಳೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆಗಳನ್ನು ಬೆರಳಲ್ಲಿ ನೇರ ಮಾಡಬೇಕಾಗಿ ಬಂದ ದಿನ ಅದರ ಆಯಸ್ಸು ಮುಗಿಯಿತೆಂದು ತಿಳಿಯಿರಿ, ತುಂಡಾಗದಿದ್ದರೂ ಸರಿ. 10–20 ಗಂಟೆಯ ಆಟ ಅದಕ್ಕೆ ಸಾಕು. ಸತ್ತ ಪಾಲಿಯೆಸ್ಟರ್‌ನಷ್ಟು ಮೊಣಕೈಗೆ ಕೆಟ್ಟದ್ದು ಬೇರೊಂದಿಲ್ಲ.

ದನದ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬಿಗಿಯನ್ನೂ ಹೆಚ್ಚು ದಿನ ಉಳಿಸಿಕೊಳ್ಳುತ್ತದೆ. ತೇವ ಅದಕ್ಕೆ ಶತ್ರು. ಹಾಸಿಗೆ ಒಂದು, ಹೊಕ್ಕಿಗೆ ಇನ್ನೊಂದು ಹಾಕುವ ಹೈಬ್ರಿಡ್‌ನಲ್ಲಿ ಸ್ವಭಾವ ಬಹುಮಟ್ಟಿಗೆ ಹಾಸಿನದು. ಹಾಸಿಗೆ ಗಟ್, ಹೊಕ್ಕಿಗೆ ಪಾಲಿಯೆಸ್ಟರ್ ಹಾಕಿದರೆ ಗಟ್‌ನ ಹಿಗ್ಗು ಮತ್ತು ಪಾಲಿಯೆಸ್ಟರ್‌ನ ಜಾರು ಎರಡೂ ಸಿಗುತ್ತವೆ. ಆಗ ಪಾಲಿಯೆಸ್ಟರನ್ನು ಗಟ್‌ಗಿಂತ 2–3 ಪೌಂಡ್ ಕಡಿಮೆ ಎಳೆಯಿರಿ. ದಪ್ಪದ ವಿಷಯದಲ್ಲಿ ಹೇಳುವುದು ಕಡಿಮೆ: 1.20 ಮಿ.ಮೀ. ಎಳೆ ಚೆಂಡನ್ನು ಚೆನ್ನಾಗಿ ಕಚ್ಚುತ್ತದೆ, 1.30 ಹೆಚ್ಚು ಬಾಳುತ್ತದೆ.

ಮಷೀನ್ ಮೇಲೆ

16 ಮೇನ್‌ಗಳನ್ನು ತಲಾ 25 ಕೆಜಿಗೆ, ಅಂದರೆ 55 ಪೌಂಡಿಗೆ, ಎಳೆದರೆ ಹೆಡ್‌ನ ತುದಿಯನ್ನು ಕುತ್ತಿಗೆಯ (ಹೆಡ್ ಹಿಡಿಗೆ ಸೇರುವ ಭಾಗ) ಕಡೆಗೆ ಎಳೆಯುವ ಒಟ್ಟು ಬಲ 400 ಕೆಜಿ. ಹೆಡ್ ಗಿಡ್ಡವಾಗಿ ಅಗಲವಾಗಲು ನೋಡುತ್ತದೆ. ಕ್ರಾಸ್‌ಗಳು ಬಂದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಫ್ರೇಮ್‌ಗೆ ಅತ್ಯಂತ ಅಪಾಯದ ಹೊತ್ತು ಹಾಸು ಮುಗಿದು ಹೊಕ್ಕು ಶುರುವಾಗದ ಈ ನಡುವಿನದು. ಮೇನ್ ಮುಗಿಸಿ ಊಟಕ್ಕೆ ಎದ್ದು ಹೋಗಬಾರದು. ಹಳೆಯ ಸ್ಟ್ರಿಂಗ್ ಕತ್ತರಿಸುವಾಗಲೂ ಇದೇ ಎಚ್ಚರ: ನಡುವಿನಿಂದ ಶುರುಮಾಡಿ ಒಂದು ಹಾಸು, ಒಂದು ಹೊಕ್ಕು ಎಂದು ಹೊರಗಡೆಗೆ ಹೋಗಬೇಕು.

ರಾಕೆಟ್ ಕೂರಿಸುವ ಮೊದಲು ಹೆಡ್‌ನ ಉದ್ದ ಅಗಲ ಅಳೆದು ಬರೆದಿಟ್ಟುಕೊಳ್ಳಿ, ಮುಗಿದ ಮೇಲೆ ಮತ್ತೆ ಅಳೆಯಿರಿ. ಎರಡು ಮೂರು ಮಿ.ಮೀ.ಗಿಂತ ಹೆಚ್ಚು ಬದಲಾಗಿದ್ದರೆ ಕೂರಿಸಿದ್ದು ಸಡಿಲವಾಗಿತ್ತು, ಇಲ್ಲವೇ ಹಾಸಿಗೂ ಹೊಕ್ಕಿಗೂ ಬಿಗಿ ಹೊಂದಲಿಲ್ಲ. ಎಳೆ ಹಾಯುವ ರಂಧ್ರಗಳಲ್ಲಿ ಕೂರಿಸಿದ ಪ್ಲಾಸ್ಟಿಕ್ ಕೊಳವೆಗಳನ್ನು, ಅಂದರೆ ಗ್ರೊಮೆಟ್‌ಗಳನ್ನು, ಒಂದೊಂದಾಗಿ ನೋಡಿ. ಸೀಳಿದ ಗ್ರೊಮೆಟ್‌ನ ಒಳಗಿಂದ ಗ್ರಾಫೈಟ್ ಅಂಚು ಇಣುಕಿದರೆ ಹೊಸ ಸ್ಟ್ರಿಂಗ್ ಅಲ್ಲೇ ಕತ್ತರಿಸುತ್ತದೆ.

ಒಂದು ರಾಕೆಟ್‌ಗೆ 12 ಮೀಟರ್ ಸ್ಟ್ರಿಂಗ್ ಸಾಕು. ಒಂದೇ ತುಂಡಿನಲ್ಲಿ ನೇಯಬೇಕೇ, ಎರಡು ತುಂಡಿನಲ್ಲೇ ಎಂಬುದನ್ನು ಹೆಣಿಗೆಯೇ ಹೇಳುತ್ತದೆ. ಹೊಕ್ಕನ್ನು ತುದಿಯಿಂದ ಕುತ್ತಿಗೆಯ ಕಡೆಗೆ ಇಳಿಸಿಕೊಂಡು ಬರುವುದು ಫ್ರೇಮ್‌ಗೆ ಕ್ಷೇಮ. 16 ಮೇನ್ ಎಂದರೆ ಬದಿಗೆ 8. ನಡುವಿನ ಎರಡು ಮೇನ್‌ಗಳನ್ನು ಸೇರಿಸುವ ಮೊದಲ ಸುತ್ತು ತುದಿಯಲ್ಲಿದ್ದರೆ ಎಂಟನೆಯ ಮೇನ್ ತುದಿಯಲ್ಲೇ ಮುಗಿಯುತ್ತದೆ, ಅದೇ ಎಳೆಯಿಂದ ಹೊಕ್ಕು ಶುರುಮಾಡಬಹುದು. ಸುತ್ತು ಕುತ್ತಿಗೆಯಲ್ಲಿದ್ದರೆ ಮುಗಿಯುವುದೂ ಕುತ್ತಿಗೆಯಲ್ಲಿ, ಆಗ ಎರಡು ತುಂಡು ಮಾಡುವುದೇ ಸರಿ. ಬದಿಗೆ 9 ಇರುವ 18 ಮೇನ್‌ನಲ್ಲಿ ಇದು ತಿರುವುಮುರುವು.

ಮೇನ್ ಎಳೆಯುವಾಗ ಒಂದು ಬದಿ ಇನ್ನೊಂದಕ್ಕಿಂತ 2 ಎಳೆಗಿಂತ ಹೆಚ್ಚು ಮುಂದೆ ಹೋಗಬಾರದು. ಹೊಕ್ಕನ್ನು ನೇಯುವಾಗ ಎಳೆಯನ್ನು ನೇರ ಎಳೆಯದೆ ಬಿಲ್ಲಿನಂತೆ ಬಾಗಿಸಿ ಎಳೆಯಿರಿ. ಒಂದೇ ಜಾಗದಲ್ಲಿ ಜೋರಾಗಿ ಉಜ್ಜಿದರೆ ಗಟ್ ಮತ್ತು ನೈಲಾನ್ ಸುಟ್ಟು ಸೀಳುತ್ತವೆ. ಎಳೆದ ಮೇಲೆ, ಎಳೆಯನ್ನು ಹಿಡಿದಿಡುವ ಕ್ಲ್ಯಾಂಪ್ ಹಾಕುವ ಮೊದಲು ಬೆರಳಿನಿಂದ ನೇರ ಮಾಡಿ, ಕೊನೆಗೆ ಮಾಡಿದರೆ ಬಿಗಿ ಹಂಚಿಹೋಗುತ್ತದೆ. ಸ್ಟ್ರಿಂಗ್ ಮೇಲೆ ಬಿಳಿ ಗೆರೆ ಕಂಡರೆ ಕ್ಲ್ಯಾಂಪ್ ಜಾರಿದೆ. ಲಾಕೌಟ್ ಮಷೀನ್ ಬಿಗಿ ಮುಟ್ಟಿದ ತಕ್ಷಣ ಬೀಗ ಹಾಕಿಕೊಳ್ಳುತ್ತದೆ, ಎಳೆ ಹಿಗ್ಗಿದರೂ ಮತ್ತೆ ಎಳೆಯುವುದಿಲ್ಲ. ಭಾರದ ತೋಳಿನದೋ ಎಲೆಕ್ಟ್ರಾನಿಕ್ ಮಷೀನೋ ಎಳೆಯುತ್ತಲೇ ಇರುತ್ತದೆ. ಹೀಗಾಗಿ ಒಂದೇ 55ಕ್ಕೆ ಎರಡು ಮಷೀನ್ ಎರಡು ಹೆಣಿಗೆ ಕೊಡುತ್ತವೆ, ಲಾಕೌಟ್‌ನದು ಸಡಿಲ. ಮಷೀನ್ ಬದಲಾದರೆ ಅಂಕಿಯನ್ನೂ ಬದಲಿಸಬೇಕು.

ತುಂಡಾದ ಜಾಗ

ಸ್ಟ್ರಿಂಗ್ ಹರಿದಾಗ ಬಿಸಾಡುವ ಮೊದಲು ಎಲ್ಲಿ ಹರಿಯಿತು ನೋಡಿ. ನಡುವಿನ ಮೇನ್ ಹೊಕ್ಕು ದಾಟುವಲ್ಲಿ ಹರಿದಿದ್ದರೆ ಅದು ಸವೆತ. ಟಾಪ್‌ಸ್ಪಿನ್ ಆಡುವವರಿಗೆ ಇದು ಸಹಜ, ಹೆಚ್ಚು ಬಾಳಬೇಕೆಂದರೆ ದಪ್ಪ ಎಳೆ ಅಥವಾ 18×20. ಹೆಡ್‌ನ ತುದಿಯ ಬಳಿ ಹರಿದಿದ್ದರೆ ಚೆಂಡು ಫ್ರೇಮ್ ಹತ್ತಿರ ತಾಕಿ ಎಳೆ ಕತ್ತರಿಸಿದೆ, ಸ್ಟ್ರಿಂಗ್ ಎರಡೇ ದಿನ ಹಳೆಯದಾದರೂ ತಪ್ಪು ಅದರದ್ದಲ್ಲ. ಪ್ರತಿಸಲ ಒಂದೇ ಗ್ರೊಮೆಟ್‌ನ ಬಾಯಲ್ಲಿ ಹರಿಯುತ್ತಿದ್ದರೆ ಗ್ರೊಮೆಟ್ ಪಟ್ಟಿ ಬದಲಿಸಿ. ಯಾರೂ ಆಡದೆ ಚೀಲದೊಳಗೇ ಹರಿದಿದ್ದರೆ ಕ್ಲ್ಯಾಂಪ್ ಕಚ್ಚಿದ ಗಾಯವನ್ನೋ ಗಂಟಿನ ಬಳಿಯ ಗಾಯವನ್ನೋ ಹುಡುಕಿ. ಎಲ್ಲಿಯೂ ಹರಿಯದೆ ಚೆಂಡು ಮಾತ್ರ ದಿನದಿನಕ್ಕೆ ಉದ್ದ ಹೋಗತೊಡಗಿದರೆ ಬಿಗಿ ಇಳಿದಿದೆ. ಆಗ ಬೇಕಾದದ್ದು ಹೊಸ ಸ್ಟ್ರಿಂಗ್, ಅದೇ ಅಂಕಿಗೆ.