ಒಬ್ಬಳಿಗೇನು ಒಲೆ ಹಚ್ಚೋದು

12 ಜನವರಿ 2025, ಭಾನುವಾರ

ಕೈ ಎಷ್ಟು ತೊಳೆದರೂ ಅವರೆಯ ಸೊಗಡು ಹೋಗುತ್ತಿಲ್ಲ. ನಿನ್ನೆ ಸಂಜೆ ಬಿಡಿಸಿ ನೆನೆಹಾಕಿದ್ದ ಕಾಳನ್ನು ಬೆಳಗ್ಗೆ ದೇವಸ್ಥಾನದ ಪಕ್ಕದ ಜಗಲಿಯಲ್ಲಿ ಕೂತು ಹಿತಕಿದೆವು. ನಾನು, ಸ್ತ್ರೀಶಕ್ತಿ ಸಂಘದ ನಾಲ್ವರು, ಹನ್ನೊಂದು ಜನ ಅಜ್ಜ ಅಜ್ಜಿಯರು. ಊರಿನ ವಯಸ್ಸಾದವರಿಗೆ ಅಂತ ನಾವು ಶುರುಮಾಡಿದ ಭಾನುವಾರದ ಊಟಕ್ಕೆ ಇವತ್ತು ಆರನೇ ವಾರ.

ಇದೆಲ್ಲ ಶುರುವಾದದ್ದು ಮೇಲಿನ ಬೀದಿಯ ದೊಡ್ಡವ್ವನಿಂದ. ದೀಪಾವಳಿ ಹೊತ್ತಿಗೆ ನೋಡಿದರೆ ರವಿಕೆ ತೋಳು ಜೋಲುತ್ತಿತ್ತು. ಊಟ ಮಾಡ್ತಿಲ್ವಾ ಅಂದದ್ದಕ್ಕೆ "ಮಾಡ್ತೀನಿ ಕಣವ್ವ" ಅಂದಳು. ಪಾತ್ರೆ ಮುಚ್ಚಳ ತೆಗೆದೆ: ತಂಗಳನ್ನ, ನೀರು, ಉಪ್ಪು. ಹಾಗಂತ ಮನೆಯಲ್ಲಿ ಏನೂ ಇರಲಿಲ್ಲ ಅಂತಲ್ಲ. ಡಬ್ಬದ ತುಂಬ ರೇಷನ್ ಅಕ್ಕಿ, ಮೂಲೆಯಲ್ಲಿ ರಾಗಿಹಿಟ್ಟು. "ಒಬ್ಬಳಿಗೇನು ಒಲೆ ಹಚ್ಚೋದು? ಹಿಟ್ಟು ತಿರುವೋಕೆ ರಟ್ಟೇಲಿ ಶಕ್ತಿ ಬೇಡ್ವಾ?" ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ 1200 ರೂಪಾಯಿ ಬರುತ್ತದೆ, ಬಿ.ಪಿ. ಮಾತ್ರೆಗೂ ಬಸ್ ಚಾರ್ಜಿಗೂ ಹೋಗುತ್ತದೆ. ಬೇಳೆಗೆ ಉಳಿಯುವುದಿಲ್ಲ.

ಆಶಾ ಕಾರ್ಯಕರ್ತೆ ನನ್ನ ಹಳೇ ವಿದ್ಯಾರ್ಥಿನಿ. ದರ್ಜಿ ಟೇಪು ತಂದು ದೊಡ್ಡವ್ವನ ಮೀನಖಂಡ ಅಳೆದಳು. ವಯಸ್ಸಾದವರಲ್ಲಿ ಸುತ್ತಳತೆ 31 ಸೆಂ.ಮೀ.ಗಿಂತ ಕಡಿಮೆ ಬಂದರೆ ಊಟ ಸಾಲದೆ ಸ್ನಾಯು ಕರಗಿದೆಯೇನೋ ಅಂತ ಅನುಮಾನಪಡಬೇಕಂತೆ. ಬಂದದ್ದು 27. ವಯಸ್ಸಾಗುತ್ತಿರುವವರ ಬಗ್ಗೆ ದೇಶದಾದ್ಯಂತ ನಡೆದ 2017-18ರ ಲಾಸಿ (LASI) ಸಮೀಕ್ಷೆಯಲ್ಲಿ ದೇಶದ ಅರವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 27 ಮಂದಿ ತೂಕ ಕಡಿಮೆ ಇದ್ದವರು ಎಂದು ಓದಿದ್ದೆ. ಓದುವಾಗ ಅದು ಬರೀ ಅಂಕಿ. ಅಂಗನವಾಡಿಯಲ್ಲಿ ಮಗುವಿನ ತೂಕ ಬರೆಯುತ್ತಾರೆ, 2017ರಿಂದ ಮಾತೃಪೂರ್ಣದಲ್ಲಿ ಬಸುರಿಗೆ ಬಿಸಿಯೂಟ ಇದೆ. ಅಜ್ಜಿಯ ತೂಕ ಬರೆಯೋಕೆ ಊರಲ್ಲಿ ಒಂದು ಪುಸ್ತಕವೂ ಇಲ್ಲ.

ಮೊದಲ ಭಾನುವಾರ ಮನೆಮನೆಗೆ ಹೋಗಿ ಊಟಕ್ಕೆ ಕರೆದೆವು. ಬಂದವರು ಮೂವರು! ದೊಡ್ಡವ್ವ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. "ಬಿಟ್ಟಿ ಊಟಕ್ಕೆ ಹೋದ್ರೆ ಬೆಂಗಳೂರಲ್ಲಿರೋ ಮಗನ ಮರ್ಯಾದೆ ಏನಾಗ್ಬೇಕು?" ಸಂಘದ ಹೆಂಗಸೊಬ್ಬಳಿಗೆ ಉಪಾಯ ಹೊಳೆಯಿತು. ಊಟದ ಮಾತೇ ಎತ್ತಬೇಡಿ ಮಿಸ್, ಕಾಳು ಹಿತಕೋಕೆ ಜನ ಸಾಲ್ತಿಲ್ಲ ಅನ್ನಿ ಅಂದಳು. ಎರಡನೇ ವಾರ ಎಂಟು ಜನ ಬಂದರು, ದೊಡ್ಡವ್ವ ಎಲ್ಲರಿಗಿಂತ ಮೊದಲು. ಹಿತಕುವುದರಲ್ಲಿ ನಾನು ಅವಳ ಅರ್ಧಕ್ಕೂ ಇಲ್ಲ. ಅದನ್ನು ಹೇಳದೆ ಬಿಡುವವಳೂ ಅಲ್ಲ.

ಇವತ್ತು ಮುದ್ದೆ, ಹಿತಕಿದ ಬೇಳೆ ಸಾರು, ಒಂದೊಂದು ಬೆಂದ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಹುರಿಗಡಲೆ ಪುಡಿಗೆ ಬೆಲ್ಲ, ತುಪ್ಪ. ಈ ವಯಸ್ಸಿನಲ್ಲಿ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1 ಗ್ರಾಂ ಆದರೂ ಪ್ರೋಟೀನ್ ಬೇಕು. ನೀರನ್ನದಲ್ಲಿ ಎಲ್ಲಿಂದ ಬರಬೇಕು? ಮುದ್ದೆಯೋ, ನುಂಗುವ ಊಟ. ಹಲ್ಲಿಲ್ಲದವರಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ನನಗೆ ಗೊತ್ತಿಲ್ಲ.

ಕಾಲೋನಿಯಿಂದ ಇನ್ನೂ ಒಬ್ಬ ತಾತ ಮಾತ್ರ ಬರುತ್ತಾರೆ. ತಟ್ಟೆ ಮನೆಯಿಂದಲೇ ತರುತ್ತಾರೆ. ಇಲ್ಲೇ ಇದೆ ತಾತ ಅಂದರೆ "ಇರ್ಲಿ ಬಿಡಿ ಮಿಸ್" ಅನ್ನುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇವತ್ತು ಅವರ ಪಕ್ಕ ಕೂತು ಉಂಡೆ. ಜಗಲಿಯ ಆ ಕೊನೆಯಲ್ಲಿ ಇಬ್ಬರು ಸ್ವಲ್ಪ ಸರಿದು ಕೂತರು.

ವಾರಕ್ಕೊಂದು ಊಟದಿಂದ ಮೈ ತುಂಬುವುದಿಲ್ಲ. ಉಳಿದ ಆರು ದಿನ ಪಕ್ಕದ ಮನೆಯವರು ರಾತ್ರಿ ಒಂದು ಮುದ್ದೆ, ಒಂದು ಸೌಟು ಸಾರು ಹೆಚ್ಚಿಗೆ ಮಾಡಿ ಕೊಡಬೇಕೆಂದು ಮಾತಾಗಿತ್ತು. ಎರಡು ಮನೆಯವರು ವಾರ ತುಂಬುವ ಮೊದಲೇ ನಿಲ್ಲಿಸಿದರು. ಒಬ್ಬರ ಮನೆಯಲ್ಲಿ ಸೊಸೆಗೆ ಬಾಣಂತನ, ಇನ್ನೊಬ್ಬರಿಗೆ ಕಾರಣವೇ ಇಲ್ಲ. ದೊಡ್ಡವ್ವನಿಗೆ ತಪ್ಪದೆ ಕೊಡುತ್ತಿರುವುದು ಗಾರೆ ಕೆಲಸದ ಹುಡುಗನ ಹೆಂಡತಿ. ಕೊಟ್ಟು ಬರುವುದಿಲ್ಲ, ಉಂಡು ಮುಗಿಯುವವರೆಗೂ ಕೂತು ಹರಟುತ್ತಾಳೆ. ದೊಡ್ಡವ್ವನ ತಟ್ಟೆ ಖಾಲಿಯಾಗುವುದು ಆ ಹರಟೆಗೆ.

ಮಧ್ಯಾಹ್ನ ಮತ್ತೆ ಟೇಪು ಹಿಡಿದೆವು. 27 ಇದ್ದದ್ದು 27ವರೆ. ಟೇಪು ಸಡಿಲ ಹಿಡಿದಿದ್ದೀ ಅಂತ ದೊಡ್ಡವ್ವ ಆಶಾಳಿಗೇ ಬೈದಳು.

ನಾಳೆ ಅವಳನ್ನು ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋಗಬೇಕು, ಹೆಬ್ಬೆಟ್ಟು ತಗೊಳ್ಳುತ್ತಿಲ್ಲವಂತೆ. ಕತ್ತಲಾಗುವ ಮೊದಲು ಜಗಲಿಯ ಮೇಲಿನ ಅವರೆ ಸಿಪ್ಪೆ ದನಕ್ಕೆ ಹಾಕಬೇಕು.