ಬಾಗಿಲು ಹಾಕು, ಲೈಟ್ ಹಾಕು

19 ನವೆಂಬರ್ 2024, ಮಂಗಳವಾರ
ಶಿಂಚು, ತೈವಾನ್

ಗಾಳಿಯೋ ಗಾಳಿ. ಶಿಂಚುವನ್ನು ಇಲ್ಲಿಯವರೇ ಗಾಳಿಯ ಊರು ಅಂತ ಕರೆಯುತ್ತಾರೆ, ಹಾಗಾಗಿ ದೂರುವ ಹಾಗೂ ಇಲ್ಲ. ಒಣಗಲು ಹಾಕಿದ್ದ ಪುಟ್ಟಿಯ ಸಾಕ್ಸ್ ಒಂದು ಹಾರಿಹೋಯಿತು. ಹುಡುಕಲು ಹೋಗಲಿಲ್ಲ.

ಇವತ್ತು ಆಯಿ ಪಾಠಕ್ಕೆ ಅರ್ಧ ಗಂಟೆ ಮೊದಲೇ ಬಂದರು. ಶಿರಸಿಯ ನನ್ನ ಆಯಿ ಅಲ್ಲ, ಎದುರುಮನೆಯವರು. ಇಲ್ಲಿ ಆ ವಯಸ್ಸಿನ ಹೆಂಗಸರಿಗೆ 'ಆ ಯೀ' ಅನ್ನುತ್ತಾರೆ, ಚಿಕ್ಕಮ್ಮ ಅಂದ ಹಾಗೆ. ನನ್ನ ಬಾಯಲ್ಲಿ ಅದು ಮೊದಲ ದಿನವೇ ನಮ್ಮ ಕಡೆಯ ಆಯಿ ಆಗಿಹೋಯಿತು. ಕೈಯಲ್ಲಿ ಒಣಗಿಸಿದ ಪರ್ಸಿಮನ್ ಹಣ್ಣಿನ ಪೊಟ್ಟಣ. ಮುಖ ಮಾತ್ರ ಸಪ್ಪಗಿತ್ತು.

ವಿಷಯ ಇಷ್ಟು. ಬೆಳಗ್ಗೆ 8ಕ್ಕೆ ಅರಿಜೋನಾದ ಮೊಮ್ಮಗನಿಗೆ ವೀಡಿಯೊ ಕಾಲ್ ಮಾಡಿದ್ದಾರೆ. ಅಲ್ಲಿ ಹಿಂದಿನ ದಿನ ಸಂಜೆ 5. ಹುಡುಗನ ಕೋಣೆ ಮಬ್ಬಾಗಿ ಕಂಡಿದೆ. ಇವರು ಕಲಿತ ಇಂಗ್ಲಿಷಿನಲ್ಲಿ ಪ್ರೀತಿಯಿಂದ 'ಓಪನ್ ದ ಲೈಟ್' ಅಂದಿದ್ದಾರೆ. ಅವನು ಬಿದ್ದು ಬಿದ್ದು ನಕ್ಕು, ಅದನ್ನೇ ನಾಲ್ಕು ಸಲ ಹೇಳಿ ಅಮ್ಮನನ್ನು ಕರೆದನಂತೆ. ಮಕ್ಕಳ ನಗು, ಅದರಲ್ಲೇನು ಅಂತ ನಾನು ಅಂದೆ. ಆಯಿ ನಗಲಿಲ್ಲ.

"ಡೋರ್ ಓಪನ್ ಸರಿ. ಲೈಟ್ ಓಪನ್ ಯಾಕೆ ತಪ್ಪು?"

ಉತ್ತರ ಕೊಡಲು ಹೋಗಿ ಸಿಕ್ಕಿಬಿದ್ದೆ. ಅವರ ಭಾಷೆಯಲ್ಲಿ 'ಖಾಯ್' ಅಂತ ಒಂದು ಕ್ರಿಯಾಪದ ಇದೆ. ಬಾಗಿಲು ಖಾಯ್. ದೀಪ ಖಾಯ್. ಕಾರು ಓಡಿಸುವುದೂ ಖಾಯ್, ಮೀಟಿಂಗ್ ನಡೆಸುವುದೂ ಖಾಯ್, ಹೂ ಅರಳುವುದೂ ಖಾಯ್. ಕುದಿಸಿದ ನೀರು ಖಾಯ್ ನೀರು. ಮನಸ್ಸು ಖಾಯ್ ಆದರೆ ಖುಷಿ. ಡಾಕ್ಟರು ಔಷಧಿ ಬರೆದುಕೊಡುವುದಕ್ಕೂ ಅದೇ. ಇಷ್ಟು ಕೆಲಸ ಮಾಡುವ ಮಾತನ್ನು ಇಂಗ್ಲಿಷಿನ 'ಓಪನ್' ಒಂದಕ್ಕೇ ವಹಿಸಿದರೆ ಅದು ಏನು ಮಾಡೀತು ಪಾಪ. ಬಾಯಿ, ಪುಸ್ತಕ, ಬ್ಯಾಂಕ್ ಖಾತೆ, ಅಂಗಡಿ, ಇಷ್ಟಕ್ಕೆ ಒಪ್ಪುತ್ತದೆ. ದೀಪಕ್ಕೆ 'ಟರ್ನ್ ಆನ್' ಬೇಕು, ಕಾರಿಗೆ 'ಡ್ರೈವ್' ಬೇಕು, ಮೀಟಿಂಗಿಗೆ 'ಹೋಲ್ಡ್' ಬೇಕು. ಒಲೆ ಹಚ್ಚುವುದಕ್ಕೂ ಇವರು ಬೆಂಕಿ ಖಾಯ್ ಅನ್ನುತ್ತಾರೆ. ಕಳೆದ ವಾರ ಅಡುಗೆ ಹೇಳಿಕೊಡುತ್ತಾ 'ಫಸ್ಟ್, ಓಪನ್ ಫೈರ್' ಅಂದಿದ್ದರು. ಇಂಗ್ಲಿಷಿನಲ್ಲಿ ಅದು ಗುಂಡು ಹಾರಿಸು ಅಂತ ಆಗುತ್ತದೆ ಅಂದೆ. ಚೀನೀ ಭಾಷೆಯಲ್ಲೂ ಅದಕ್ಕೆ ಆ ಅರ್ಥ ಇದೆಯಂತೆ! ಅವತ್ತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಆಮೇಲೆ ಅಂಗಡಿಯ ಬೋರ್ಡಿನ ಕಥೆ. ಒಂದು ಕಡೆ 'ಓಪನ್', ತಿರುಗಿಸಿದರೆ 'ಕ್ಲೋಸ್ಡ್'. ಹಾಗಾದರೆ 'ಓಪನ್ಡ್' ಯಾಕಿಲ್ಲ? ಬರೀ 'ಕ್ಲೋಸ್' ಅಂದರೆ ಹತ್ತಿರ ಅಂತ ಬೇರೆ ಅರ್ಥ ಆಗಿಬಿಡುತ್ತದೆ, ಉಚ್ಚಾರವೂ ಸ್ವಲ್ಪ ಬೇರೆ ಅಂದೆ. ನನ್ನನ್ನೇ ತಪ್ಪಿತಸ್ಥೆ ಅನ್ನುವ ಹಾಗೆ ನೋಡಿದರು. ಇಂಗ್ಲಿಷ್ ನಾನು ಮಾಡಿದ್ದಾ?

ಸಮಾಧಾನಕ್ಕೆ ನಮ್ಮ ಕನ್ನಡವನ್ನು ಬಿಚ್ಚಿಟ್ಟೆ. ನಾವು ಲೈಟ್ 'ಹಾಕು' ಅನ್ನುತ್ತೇವೆ, ಫ್ಯಾನ್ ಹಾಕು ಅನ್ನುತ್ತೇವೆ. ಅದು ಆನ್. ಬಾಗಿಲು ಹಾಕು ಅಂದರೆ ಮುಚ್ಚು. ಅದೇ ಮಾತು, ಒಂದು ಕಡೆ ಶುರು, ಇನ್ನೊಂದು ಕಡೆ ಬಂದ್. ರಂಗೋಲಿ ಹಾಕು, ಊಟ ಹಾಕು, ಚಪ್ಪಲಿ ಹಾಕು, ಕೋಳಿ ಮೊಟ್ಟೆ ಹಾಕಿತು. ಆಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಕಾಲೇಜಿನಲ್ಲಿ 'ಪುಟ್ ದ ಫ್ಯಾನ್' ಅಂದು ಹಿಂದಿನ ಬೆಂಚಿನವರು ನಕ್ಕಿದ್ದನ್ನೂ ಹೇಳಿದೆ. ಅದಾಗಿ ಹದಿನೈದು ವರ್ಷ. ಆ ನಗು ಈಗಲೂ ಕಿವಿಯಲ್ಲಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಆಗ ಅವರು ಪೆನ್ನು ತೆಗೆದುಕೊಂಡು 'ಖಾಯ್' ಅಕ್ಷರ ಬರೆದು ತೋರಿಸಿದರು. ಎರಡು ಕಡೆ ಬಾಗಿಲಿನ ರೆಕ್ಕೆ. ಒಳಗೆ ಅಗುಳಿ, ಅದರ ಕೆಳಗೆ ಅದನ್ನು ಎತ್ತುವ ಎರಡು ಕೈ. ನೋಡುತ್ತಲೇ ಕೂತೆ. ಚೀನಾದಲ್ಲಿ 1950ರ ದಶಕದಲ್ಲಿ ಅಕ್ಷರಗಳನ್ನು ಸರಳ ಮಾಡುವಾಗ ಆ ಬಾಗಿಲನ್ನು ತೆಗೆದುಹಾಕಿದರು, ಅಗುಳಿ ಮತ್ತು ಕೈ ಮಾತ್ರ ಉಳಿದವು. ತೈವಾನಿನಲ್ಲಿ ಬಾಗಿಲು ಇನ್ನೂ ಇದೆ. (ಬಾಗಿಲನ್ನು ತೆಗೆದುಹಾಕುವುದು! ತೆಗೆಯುವುದಾ, ಹಾಕುವುದಾ? ಇದನ್ನು ಆಯಿಗೆ ಹೇಗೆ ವಿವರಿಸಲಿ.)

ಚಹಾ ಮಾಡಿದೆ. ಪರ್ಸಿಮನ್ ಚೆನ್ನಾಗಿತ್ತು, ಸ್ವಲ್ಪ ನಮ್ಮ ಒಣ ಅಂಜೂರದ ಹಾಗೆ. ಪುಟ್ಟಿ ಬಂದು ಎರಡು ಎತ್ತಿಕೊಂಡು ಓಡಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು, "ಥರ್ಸ್‌ಡೇ ನೋ ಕ್ಲಾಸ್. ಐ ಓಪನ್ ನೈಫ್" ಅಂದರು.

ಅಡುಗೆಯ ಚಾಕು ಅಂದುಕೊಂಡೆ. ಹೊಸ ಚಾಕು ತಂದಿದ್ದೀರಾ ಅಂತ ಕೇಳಿಯೂಬಿಟ್ಟೆ. ಅವರು ಹೊಟ್ಟೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದರು. ಖಾಯ್ ದಾವ್. ಆಪರೇಷನ್.

ಮಗನಿಗೆ ಹೇಳಿಲ್ಲವಂತೆ. ಅಷ್ಟು ದೂರದಿಂದ ಬಂದು ಏನು ಮಾಡುತ್ತಾನೆ, ಸುಮ್ನೆ ರಜೆ ಹಾಳು ಅಂದರು. 'ಐ ಆ್ಯಮ್ ಹ್ಯಾವಿಂಗ್ ಆ್ಯನ್ ಆಪರೇಷನ್' ಅಂತ ಹೇಳಬೇಕು ಅಂದೆ, ಬೇರೇನೂ ತೋಚದೆ. ಟೀಚರ್ ಬುದ್ಧಿ ನೋಡಿ. ಅವರು ವಿಧೇಯರಾಗಿ ಮೂರು ಸಲ ಹೇಳಿದರು. 'ಹ್ಯಾವ್' ಅಂದರೆ ನನ್ನ ಹತ್ತಿರ ಇದೆ ಅಂತ ಅಲ್ವಾ, ಆಪರೇಷನ್ ನನ್ನದಾ ಅಂತ ಕೇಳಿದರು.

ಎಂತಹ ಆಪರೇಷನ್ ಅಂತ ಕೇಳಬೇಕಿತ್ತು. ಅದಕ್ಕೆ ಬೇಕಾದ ಮಾತು ನನ್ನ ಚೀನೀ ಭಾಷೆಯಲ್ಲಿಲ್ಲ, ಅವರ ಇಂಗ್ಲಿಷಿನಲ್ಲೂ ಇಲ್ಲ. ಅವರ ಮನೆಯ ಬೀಗದ ಕೈ ಈಗ ನಮ್ಮ ಫ್ರಿಜ್ ಮೇಲಿದೆ, ಗಿಡಗಳಿಗೆ ನೀರು ಹಾಕಲು. ಗುರುವಾರ ಪುಟ್ಟಿಯನ್ನು ಶಾಲೆಗೆ ಬಿಟ್ಟು ಆಸ್ಪತ್ರೆಗೆ ಹೋಗಬಹುದು. ಆದರೆ ಯಾವ ಆಸ್ಪತ್ರೆ ಅಂತಲೂ ಕೇಳಲಿಲ್ಲ. ಗಂಜಿ ಮಾಡಿಕೊಂಡು ಹೋದರೆ ಒಳಗೆ ಬಿಡುತ್ತಾರೋ ಇಲ್ಲವೋ, ನಮ್ಮ ಮನೆಯವರನ್ನು ಆಫೀಸಿನಲ್ಲಿ ಯಾರನ್ನಾದರೂ ವಿಚಾರಿಸಲು ಹೇಳಿದರೆ