ಮೊಟ್ಟೆಯ ಬಿಳಿ ಎಲ್ಲಿ ಹೋಯಿತು?

ಮೊಟ್ಟೆಯ ಸಿಹಿ ಅಂದರೆ ನಮ್ಮವರಲ್ಲಿ ಅರ್ಧ ಜನ ಮೂಗು ಮುರಿಯುತ್ತಾರೆ. ಕೇಕ್ ಮಾತ್ರ ಲೆಕ್ಕಕ್ಕಿಲ್ಲ! ಕಾಸರಗೋಡಿನಲ್ಲಿ ನಮ್ಮ ಪಕ್ಕದ ಮನೆಗೆ ತಲಶ್ಶೇರಿಯಿಂದ ಸೊಸೆಯಾಗಿ ಬಂದ 'ಇತ್ತ' ಇದ್ದಾರೆ; ಮಲಬಾರಿನ ಮುಸ್ಲಿಮರು ಅಕ್ಕನನ್ನು ಹಾಗೆ ಕರೆಯುತ್ತಾರೆ. ಅವರು ಮಾಡುವ ಮುಟ್ಟಮಾಲ, ಅಂದರೆ ಮೊಟ್ಟೆಯ ಮಾಲೆ ಎಂಬ ಸಿಹಿ, ನೋಡಿದವರು ಹಾಗೆ ಮೂಗು ಮುರಿಯಲಾರರು.

ಹಳದಿಯನ್ನಷ್ಟೇ ಬೇರೆ ತೆಗೆದು ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ತೆಂಗಿನ ಗೆರಟೆಗೆ ಸಣ್ಣ ತೂತು ಮಾಡಿ, ಅದರಲ್ಲಿ ಹಳದಿ ಹೊಯ್ದು, ಕುದಿಯುವ ಸಕ್ಕರೆ ಪಾಕದ ಮೇಲೆ ಕೈಯನ್ನು ಬೇಗ ಬೇಗ ಸುತ್ತಿಸುತ್ತಾರೆ. ಕೈ ಒಂದು ಗಳಿಗೆ ನಿಂತರೂ ಎಳೆ ಗಂಟಾಯಿತು ಅಂತಲೇ ಲೆಕ್ಕ. ನೊರೆ ಉಕ್ಕಿ ಬಂದರೆ ತಣ್ಣೀರು ಚಿಮುಕಿಸುತ್ತಾರೆ. ಶ್ಯಾವಿಗೆಯಂಥ ಎಳೆಗಳು ಮೇಲೆ ಬಂದಾಗ ಎತ್ತಿ ತಟ್ಟೆಗೆ ಹರಡುತ್ತಾರೆ. ಉಳಿದ ಬಿಳಿಗೆ ಅದೇ ಪಾಕ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಪಿಞ್ಞಾಣತ್ತಪ್ಪ. ಅದನ್ನು ತುಂಡು ಮಾಡಿ ಎಳೆಗಳ ಮೇಲಿಡುತ್ತಾರೆ. ಏನೂ ದಂಡ ಇಲ್ಲ.

ಬ್ಯಾಂಕಾಕಿಗೆ ಹೋದಾಗ ಸಿಹಿ ಅಂಗಡಿಯಲ್ಲಿ ಅದೇ ಎಳೆಗಳನ್ನು ಕಂಡೆ. ಅಲ್ಲಿ ಅದಕ್ಕೆ ಫಾಯ್ ಥಾಂಗ್ ಅನ್ನುತ್ತಾರೆ. ನೂಲಿನ ಲಡಿಯ ಹಾಗೆ ನೀಟಾಗಿ ಮಡಚಿಟ್ಟಿದ್ದರು. ಮದುವೆಗೂ ಬೇಕಂತೆ. ಎಳೆ ಉದ್ದ ಇದ್ದಷ್ಟು ದಾಂಪತ್ಯವೂ ಉದ್ದ ಅಂತ ನಂಬಿಕೆ. ಫೋಟೋ ಕಳಿಸಿದೆ. ಇತ್ತ ಕೇಳಿದ್ದು ಒಂದೇ: "ಬಿಳಿ ಎಂತ ಮಾಡಿದ್ರು ಅವರು?"

ಅದಕ್ಕೆ ಉತ್ತರ ಪೋರ್ಚುಗಲ್ಲಿನಲ್ಲಿದೆ. ಅಲ್ಲಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು, ವೈನ್ ತಿಳಿಗೊಳಿಸಲು ಮೊಟ್ಟೆಯ ಬಿಳಿ ಬಳಸುತ್ತಿದ್ದರಂತೆ. ಉಳಿದ ರಾಶಿ ಹಳದಿಗೆ ಸಕ್ಕರೆ ಸೇರಿ ಬಗೆಬಗೆಯ ಸಿಹಿಗಳಾದವು. ಎಳೆಯ ಸಿಹಿಯೂ ಅದರಲ್ಲೊಂದು. ಅದು ಹಡಗು ಹತ್ತಿ ಜಪಾನಿಗೂ ಹೋಯಿತು. ಫುಕುವೋಕಾದಲ್ಲಿ ಇವತ್ತಿಗೂ ಕೇರನ್ ಸೋಮೆನ್ ಅಂತ ಮಾರುತ್ತಾರೆ.

ಥಾಯ್ ಜನ ಇದರ ಕೀರ್ತಿಯನ್ನು ಮರಿಯಾ ಗಿಯೊಮಾರ್ ಎಂಬಾಕೆಗೆ ಕೊಡುತ್ತಾರೆ. ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಆಗಿನ ರಾಜಧಾನಿ ಆಯುತ್ಥಯದಲ್ಲಿದ್ದ ಹೆಂಗಸು. ಜಪಾನಿ, ಪೋರ್ಚುಗೀಸ್, ಬಂಗಾಳಿ ರಕ್ತ ಎಲ್ಲ ಬೆರೆತಿತ್ತು. ಗಂಡ ಫಾಲ್ಕನ್ ರಾಜ ನಾರಾಯ್‌ನ ಬಲಗೈ. 1688ರಲ್ಲಿ ಅವನ ತಲೆ ಹೋಯಿತು, ಆಕೆ ಮುಂದೆ ಅರಮನೆಯ ಅಡುಗೆಮನೆ ಸೇರಿದಳು. ಕತೆ ಚೆನ್ನಾಗಿದೆ. ಆದರೆ ಎಲ್ಲವನ್ನೂ ಒಬ್ಬಳ ಹೆಸರಿಗೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಪೋರ್ಚುಗೀಸರು ಸಯಾಮಿಗೆ ಬಂದದ್ದು 1511ರಲ್ಲಿ. ಅಷ್ಟು ವರ್ಷ ಅವರ ಮನೆಗಳಲ್ಲಿ ಯಾರೂ ಪಾಕ ಹಿಡಿಯಲಿಲ್ಲವಾ?

ನಮ್ಮ ಕಡೆಗೆ ಅವರು ಇನ್ನೂ ಮೊದಲೇ ಬಂದರು. 1498ರಲ್ಲಿ ಕಲ್ಲಿಕೋಟೆಯ ಕರಾವಳಿ, 1505ರಲ್ಲಿ ಕಣ್ಣೂರಿನ ಕೋಟೆ. ತಲಶ್ಶೇರಿ ಅಲ್ಲೇ ಪಕ್ಕದಲ್ಲಿ. ತಮಾಷೆ ನೋಡಿ, ಪೋರ್ಚುಗೀಸರ ಜೊತೆ ಸಮುದ್ರದಲ್ಲಿ ಜಾಸ್ತಿ ಕಾದಾಡಿದವರೇ ಮಾಪಿಳ್ಳೆಗಳು, ಅಂದರೆ ಮಲಬಾರಿನ ಮುಸ್ಲಿಮರು. ಅವರ ನೌಕಾ ನಾಯಕ ನಾಲ್ಕನೇ ಕುಂಞಾಲಿ ಮರಕ್ಕಾರನನ್ನು ಪೋರ್ಚುಗೀಸರು 1600ರಲ್ಲಿ ಗೋವಾದಲ್ಲಿ ಕೊಂದರು. ಅಂಥವರ ಸಿಹಿ ಇವತ್ತು ಮಾಪಿಳ್ಳೆ ಮನೆಗಳಲ್ಲಿ ಹೊಸ ಅಳಿಯನ ತಟ್ಟೆಗೆ ಬೀಳುತ್ತದೆ! ಯಾವ ಅಡುಗೆಯವಳು ಯಾರ ಮನೆಯಲ್ಲಿ ಕಲಿತು ಬಂದಳೋ. ಇತ್ತ ಇದನ್ನೆಲ್ಲ ಒಪ್ಪುವುದಿಲ್ಲ. ಅವರ ಪ್ರಕಾರ ಇದು ಅವರ ಉಮ್ಮನ ಅಜ್ಜಿಯದ್ದೇ. ಪೋರ್ಚುಗೀಸರ ಹೆಸರೆತ್ತಿದರೆ ಪಾಕದ ಸೌಟು ತೋರಿಸುತ್ತಾರೆ.